ಅಧಿಕಾರದ ಅಂಗಳ ಬಿಟ್ಟು ಡೇರೆಗಳತ್ತ ನಡೆದ ಕಮಲಾದೇವಿ

1948ರ ಆರಂಭದಲ್ಲಿ ದಿಲ್ಲಿಯ ಅಧಿಕಾರ ವಲಯದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಪಾಲಿಗೆ ತೆರೆದಿದ್ದ ಬಾಗಿಲುಗಳು ಕಡಿಮೆಯೇನೂ ಇರಲಿಲ್ಲ. ಎರಡು ವರ್ಷಗಳ ಹಿಂದಷ್ಟೇ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯಲ್ಲಿ ಸ್ಥಾನ ಪಡೆದಿದ್ದವರು ಅವರು. ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಹಳೆಯ ಪರಿಚಯ. ಸೆರೆಮನೆಯ ಅನುಭವ ಬೇಕಾದಷ್ಟಿತ್ತು, ಹೊರದೇಶಗಳಲ್ಲಿ ಹೆಸರಿತ್ತು, ಭಾಷಣ ಕಲೆ ಕರಗತವಾಗಿತ್ತು. ಹೊಸ ರಾಷ್ಟ್ರಕ್ಕೆ ಮಂತ್ರಿಗಳೂ ರಾಯಭಾರಿಗಳೂ ರಾಜ್ಯಪಾಲರೂ ಬೇಕಾಗಿದ್ದ ಕಾಲವದು. ಅವರು ಆ ಬಾಗಿಲುಗಳತ್ತ ತಿರುಗಿ ನೋಡಲಿಲ್ಲ. ಗಡಿಯಾಚೆಯಿಂದ ಓಡಿಬಂದು ಡೇರೆಗಳಲ್ಲಿ ಪಡಿತರಕ್ಕಾಗಿ ಸಾಲು ನಿಂತಿದ್ದ ನಿರಾಶ್ರಿತರ ನಡುವೆ ಹೋಗಿ ನಿಂತರು.

ಇದನ್ನು ತ್ಯಾಗವೆಂದು ಕರೆದು ಕೈಮುಗಿಯುವುದು ಸುಲಭ. ಅದು ತ್ಯಾಗಕ್ಕಿಂತ ಹೆಚ್ಚಾಗಿ ಭ್ರಮನಿರಸನದಿಂದ ಹುಟ್ಟಿದ ನಿರ್ಧಾರವಾಗಿತ್ತು. ಆಯುಷ್ಯದ ಉತ್ತಮ ವರ್ಷಗಳನ್ನು ಯಾವ ಪಕ್ಷಕ್ಕೆ ಕೊಟ್ಟಿದ್ದರೋ ಆ ಪಕ್ಷ ಗೆದ್ದ ಹೊತ್ತಿನಲ್ಲೇ ಅದರ ಬಗ್ಗೆ ಅವರ ನಂಬಿಕೆ ಕಳಚಿತ್ತು. ರಾಜಕೀಯದಿಂದ ಮನಸ್ಸು ಮುರಿದವರು ಸಾಮಾನ್ಯವಾಗಿ ಮನೆಗೆ ಮರಳುತ್ತಾರೆ, ಇಲ್ಲವೇ ಆಶ್ರಮ ಸೇರುತ್ತಾರೆ. ಕಮಲಾದೇವಿ ಎರಡನ್ನೂ ಮಾಡಲಿಲ್ಲ. ಅವರ ಸಾರ್ವಜನಿಕ ಬದುಕಿನ ಹೆಚ್ಚು ಫಲವತ್ತಾದ ನಾಲ್ಕು ದಶಕಗಳು ಅಲ್ಲಿಂದಲೇ ಆರಂಭವಾದವು.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಮನೆಮಾತು ಕೊಂಕಣಿ, ಸಾರಸ್ವತ ಕುಟುಂಬ. ತಂದೆ ಅನಂತಯ್ಯ ಧಾರೇಶ್ವರ ಬ್ರಿಟಿಷ್ ಸರ್ಕಾರದಲ್ಲಿ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ ಆ ಕಾಲಕ್ಕೆ ಅಪರೂಪವೆನಿಸುವಷ್ಟು ಓದಿಕೊಂಡಿದ್ದ ಹೆಣ್ಣುಮಗಳು. ರಾನಡೆ, ಗೋಖಲೆಯವರಂಥ ಸುಧಾರಕರ ವಿಚಾರಗಳು ಆ ಮನೆಯಲ್ಲಿ ದಿನನಿತ್ಯದ ಮಾತಾಗಿದ್ದವು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ-ಮಗಳಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ನಿರಾಕರಿಸಿ, ತವರಿನಿಂದ ಬಂದ ತಮ್ಮ ಸ್ವಂತ ಸೊತ್ತಿನಲ್ಲೇ ಸಂಸಾರ ನಡೆಸಿದರು. ಒಂದು ಸಹಿ ಇಲ್ಲದ ಕಾರಣಕ್ಕೆ ಹೆಣ್ಣೊಬ್ಬಳ ಮನೆ ಅವಳದಲ್ಲದೆ ಹೋಗುವುದನ್ನು ಬಾಲಕಿ ಕಣ್ಣಾರೆ ಕಂಡಳು. ಮುಂದೆ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗಾಗಿ ಅವರು ವಾದಿಸಿದಾಗ ಅದು ಪುಸ್ತಕದಿಂದ ಕಲಿತ ವಾದವಾಗಿರಲಿಲ್ಲ.

ಹದಿನಾಲ್ಕರ ವಯಸ್ಸಿಗೆ ಮದುವೆ. ಎರಡು ವರ್ಷ ತುಂಬುವಷ್ಟರಲ್ಲಿ ವೈಧವ್ಯ. ತಾಯಿ ಮಗಳನ್ನು ಮೂಲೆಗೆ ಕೂರಿಸಲಿಲ್ಲ, ಓದು ಮುಂದುವರಿಯಿತು. ಮದರಾಸಿನ ಕ್ವೀನ್ ಮೇರಿಸ್ ಕಾಲೇಜಿನಲ್ಲಿದ್ದಾಗ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಪರಿಚಯವಾಯಿತು, ಅವರ ಮೂಲಕ ಕವಿ, ನಟ ಹರೀಂದ್ರನಾಥ ಚಟ್ಟೋಪಾಧ್ಯಾಯ ಅವರದು. ವಿಧವೆಯೊಬ್ಬಳು ಮರುಮದುವೆಯಾಗುವುದು, ಅದೂ ಬಂಗಾಳಿ ಕವಿಯೊಬ್ಬನನ್ನು, ಆಗ ಸಣ್ಣ ಸುದ್ದಿಯಲ್ಲ. ಮಂಗಳೂರಿನ ಸಂಪ್ರದಾಯಸ್ಥರು ಏನೆಂದಿರಬಹುದೆಂದು ಊಹಿಸಲು ಕಷ್ಟಪಡಬೇಕಿಲ್ಲ. ದಂಪತಿ ನಾಟಕಗಳನ್ನಾಡಿದರು, ಇಂಗ್ಲೆಂಡಿಗೆ ಹೋದರು. ಕಮಲಾದೇವಿ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ತಲುಪಿದ್ದು ಅಲ್ಲಿಗೇ; ಅದೇ ಅವರನ್ನು ಸ್ವದೇಶಕ್ಕೆ ಮರಳಿಸಿತು. ಮರಳಿ ಬಂದವರು ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಕಟ್ಟಿದ್ದ ಸೇವಾದಳದಲ್ಲಿ ಸೇರಿ ಸ್ವಯಂಸೇವಕಿಯರ ತರಬೇತಿಗೆ ನಿಂತರು. ದಾಂಪತ್ಯ ಮಾತ್ರ ಬಹಳ ಕಾಲ ಬಾಳಲಿಲ್ಲ. ಮುಂದೆ ಅದು ನ್ಯಾಯಾಲಯದ ಮೂಲಕವೇ ಕೊನೆಗೊಂಡಿತು.

ಚುನಾವಣೆ ಮತ್ತು ಉಪ್ಪು

1926ರಲ್ಲಿ ಹೆಂಗಸರೂ ಪ್ರಾಂತೀಯ ಶಾಸನ ಸಭೆಗಳಿಗೆ ಸ್ಪರ್ಧಿಸಬಹುದೆಂಬ ಅವಕಾಶ ತೆರೆದುಕೊಂಡಿತು. ಐರ್ಲೆಂಡಿನಿಂದ ಬಂದು ಭಾರತದಲ್ಲಿ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್‌ಗೆ ಈ ಅವಕಾಶ ವ್ಯರ್ಥವಾಗಬಾರದೆಂಬ ಹಟ. ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದವರಾದ್ದರಿಂದ ಊರು ಅವರಿಗೆ ಗೊತ್ತಿತ್ತು. ಇಪ್ಪತ್ತಮೂರರ ಕಮಲಾದೇವಿಯನ್ನು ಮದರಾಸು ಶಾಸನ ಸಭೆಗೆ ಅಭ್ಯರ್ಥಿಯನ್ನಾಗಿ ನಿಲ್ಲಿಸಿದ್ದು ಅವರೇ. ದೇಶದಲ್ಲಿ ಶಾಸನ ಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂಬ ಹೆಸರು ಹೀಗೆ ಕರಾವಳಿಯ ಮಗಳಿಗೆ ಬಂತು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಮತದಾರರ ಪಟ್ಟಿಯಲ್ಲಿ ಹೆಂಗಸರ ಸಂಖ್ಯೆ ಅತ್ಯಲ್ಪ. ಆದರೂ ಸೋತದ್ದು ತೀರಾ ಸಣ್ಣ ಅಂತರದಲ್ಲಿ. ಮರುವರ್ಷ ಅದೇ ಸಭೆಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ನಾಮಕರಣಗೊಂಡರು. ಅದೇ 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನಾ ಕಾರ್ಯದರ್ಶಿಯ ಹೊಣೆ ಕಮಲಾದೇವಿಯವರ ಹೆಗಲೇರಿತು. ದಿಲ್ಲಿಯ ಲೇಡಿ ಇರ್ವಿನ್ ಕಾಲೇಜು ಆ ಸಮ್ಮೇಳನದ ಪ್ರಯತ್ನದ ಫಲ.

1930ರ ಉಪ್ಪಿನ ಸತ್ಯಾಗ್ರಹದ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ದಂಡಿಯತ್ತ ಹೊರಟ ಗಾಂಧೀಜಿಯವರ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲವೆಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. ಹೋರಾಟದ ಆ ಹಂತದಲ್ಲಿ ಹೆಂಗಸರಿಗೆ ವಿದೇಶಿ ಬಟ್ಟೆ ಮತ್ತು ಹೆಂಡದಂಗಡಿಗಳ ಮುಂದಿನ ಧರಣಿ ಸಾಕೆಂಬುದು ಗಾಂಧೀಜಿಯವರ ಎಣಿಕೆಯಾಗಿತ್ತು. ಕಮಲಾದೇವಿ ಅವರನ್ನು ಕಂಡು ವಾದಿಸಿದರು. ಉಪ್ಪು ಅಡುಗೆಮನೆಯ ವಸ್ತು, ಅದರ ಹೋರಾಟದಿಂದ ಅಡುಗೆಮನೆಯವರನ್ನೇ ದೂರವಿಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಗಾಂಧೀಜಿ ಮಣಿದರು. ಮುಂಬಯಿಯ ಕಡಲತೀರದಲ್ಲಿ ಕಾನೂನು ಮುರಿದ ಮೊದಲ ಏಳು ಜನರ ತಂಡದಲ್ಲಿ ಅವಂತಿಕಾಬಾಯಿ ಗೋಖಲೆಯವರ ಜತೆ ಕಮಲಾದೇವಿಯೂ ಇದ್ದರು. ಆಮೇಲೆ ಅವರು ಉಪ್ಪಿನ ಪೊಟ್ಟಣಗಳನ್ನು ಹಿಡಿದು ಷೇರುಪೇಟೆಯೊಳಕ್ಕೆ ನುಗ್ಗಿದರು. ಹೈಕೋರ್ಟಿನ ಆವರಣದಲ್ಲೂ ಮಾರಿದರು, ನ್ಯಾಯಾಧಿಕಾರಿಯನ್ನೇ ಕೊಳ್ಳುವಿರಾ ಎಂದು ವಿಚಾರಿಸಿದರು. ನಂತರ ಸೆರೆಮನೆ. ಮುಂದಿನ ಒಂದೂವರೆ ದಶಕದಲ್ಲಿ ಆ ದಾರಿಯನ್ನು ಅವರು ಮತ್ತೆ ಮತ್ತೆ ತುಳಿಯಬೇಕಾಯಿತು.

ನಡುವೆ ಮೂಕಿಚಿತ್ರದಲ್ಲೂ ಕಾಣಿಸಿಕೊಂಡರು. 1931ರ 'ವಸಂತಸೇನಾ'ದಲ್ಲಿ ಅವರ ಪಾತ್ರವಿದೆ. ಮಾನವಂತರ ಮನೆಯ ಹೆಂಗಸರು ಕ್ಯಾಮೆರಾ ಮುಂದೆ ನಿಲ್ಲುವುದೇ ಅಪರಾಧವೆನಿಸಿದ್ದ ಕಾಲ. ಹೆಂಗಸಿಗೆ ಇದು ಸಲ್ಲದು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅದನ್ನೊಮ್ಮೆ ಮಾಡಿ ನೋಡಬೇಕೆಂಬ ಸ್ವಭಾವ ಅವರದ್ದೇನೋ!

ಕಾಂಗ್ರೆಸ್ಸಿನೊಳಗೇ 1934ರಲ್ಲಿ ಹುಟ್ಟಿದ ಸಮಾಜವಾದಿ ಪಕ್ಷದತ್ತ ಅವರು ಸಹಜವಾಗಿ ವಾಲಿದರು. 1936ರಲ್ಲಿ ಅದರ ಅಧ್ಯಕ್ಷತೆಯನ್ನೂ ವಹಿಸಿದರು. ಜಯಪ್ರಕಾಶ್ ನಾರಾಯಣ್, ಲೋಹಿಯಾ, ಅಚ್ಯುತ ಪಟವರ್ಧನರಂಥ ಗೆಳೆಯರ ಗುಂಪದು. ಎರಡನೇ ಮಹಾಯುದ್ಧ ಆರಂಭವಾದಾಗ ಯೂರೋಪಿನಲ್ಲಿದ್ದ ಅವರು ಅಲ್ಲಿಂದ ಅಮೆರಿಕಕ್ಕೆ, ಮುಂದೆ ಜಪಾನು, ಚೀನಾಗಳಿಗೆ ಹೋಗಿ ಭಾರತದ ಪರ ಮಾತನಾಡಿದರು. 1941ರಲ್ಲಿ ಅಮೆರಿಕದ ಲೂಸಿಯಾನಾ ಪ್ರಾಂತ್ಯದ ರೈಲಿನಲ್ಲಿ ಬಿಳಿಯರಿಗೆ ಮೀಸಲಾದ ಬೋಗಿಯಿಂದ ಎದ್ದು ಹೋಗುವಂತೆ ಟಿಕೆಟ್ ಪರೀಕ್ಷಕ ಗದರಿದಾಗ ಅವರು ಕದಲಲಿಲ್ಲ. ಸೀರೆಯುಟ್ಟ ಈಕೆ ಕರಿಯ ಜನಾಂಗದವಳಲ್ಲ, ಪರದೇಶದವಳಿರಬೇಕೆಂದು ಆತನಿಗೆ ಅನುಮಾನ ಬಂದು ದನಿ ತಗ್ಗಿತು. ಭಾರತೀಯಳೆಂದು ಹೇಳಿ ಬಚಾವಾಗುವ ಅವಕಾಶ ಆಗ ಎದುರಿಗಿತ್ತು. ಅದನ್ನು ಬಳಸದೆ, ತಾನೂ ಬಣ್ಣದವಳೇ ಎಂದು ತಿಳಿಸಿ ಕುಳಿತಲ್ಲೇ ಕುಳಿತರು. ಆತ ಸುಮ್ಮನೆ ಮುಂದೆ ಹೋದ.

ಗೆಲುವಿನ ಹೊತ್ತಿನ ಕಹಿ

ಇಷ್ಟೆಲ್ಲ ಹಾದು ಬಂದವರಿಗೆ 1947ರ ಆಗಸ್ಟ್ ಹಬ್ಬವಾಗಬೇಕಿತ್ತು. ಹಾಗಾಗಲಿಲ್ಲ. 1946ರಲ್ಲಿ ನೆಹರೂ ಕಾಂಗ್ರೆಸ್ ಅಧ್ಯಕ್ಷರಾದಾಗ ರಚಿಸಿದ ಕಾರ್ಯಕಾರಿ ಸಮಿತಿಯಲ್ಲಿ ಕಮಲಾದೇವಿಯವರನ್ನು ಸೇರಿಸಿಕೊಂಡಿದ್ದರು. ಒಳಗಿನಿಂದ ಅವರು ಕಂಡದ್ದು ಅಧಿಕಾರ ಹಸ್ತಾಂತರದ ಅವಸರವನ್ನು, ಸ್ಥಾನಗಳಿಗಾಗಿ ಹಿಂದಿನ ಸತ್ಯಾಗ್ರಹಿಗಳು ನಡೆಸಿದ ತಳ್ಳಾಟವನ್ನು. ಜೂನ್ 1947ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ವಿಭಜನೆಗೆ ಒಪ್ಪಿಗೆ ನೀಡಿದಾಗ ಸಮಾಜವಾದಿಗಳು ತಟಸ್ಥರಾಗಿ ಉಳಿದರು. ಆ ತಟಸ್ಥತೆಯಿಂದ ಏನನ್ನೂ ತಡೆಯಲಾಗಲಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಪಂಜಾಬು ಹೊತ್ತಿ ಉರಿಯಿತು. ಕೋಟಿ ಮೀರಿದ ಜನ ನೆಲೆ ತಪ್ಪಿದರು.

ಇದೇ ಹೊತ್ತಿಗೆ ಗಾಂಧೀಜಿ ಬೇರೆ ದಿಕ್ಕಿನಲ್ಲಿ ಯೋಚಿಸುತ್ತಿದ್ದರು. ಹತ್ಯೆಯ ಹಿಂದಿನ ದಿನ, 1948ರ ಜನವರಿ 29ರಂದು ಬರೆದ ಕರಡಿನಲ್ಲಿ ಅವರು ಕಾಂಗ್ರೆಸ್ ತನ್ನ ಕೆಲಸ ಮುಗಿಸಿದೆ, ಇನ್ನು ಅದು ರಾಜಕೀಯ ಪಕ್ಷವಾಗಿ ಉಳಿಯದೆ ಲೋಕಸೇವಕ ಸಂಘವಾಗಿ ಮಾರ್ಪಡಲಿ ಎಂದು ಸೂಚಿಸಿದ್ದರು. ಪಕ್ಷ ಆ ಕರಡನ್ನು ಗೌರವದಿಂದ ಬದಿಗಿಟ್ಟಿತು. ಅದೇ ಮಾರ್ಚ್‌ನಲ್ಲಿ ನಾಸಿಕ್‌ನಲ್ಲಿ ಸೇರಿದ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಬಂದರು. ಹೊರಬಂದವರಲ್ಲಿ ಹಲವರು ಹೊಸ ಪಕ್ಷ ಕಟ್ಟುವುದರಲ್ಲಿ, ಅದು ಒಡೆದಾಗ ಇನ್ನೊಂದು ಕಟ್ಟುವುದರಲ್ಲಿ ಆಯುಷ್ಯ ಸವೆಸಿದರು. ಕಮಲಾದೇವಿ ಆ ಹಾದಿಯಲ್ಲಿ ದೂರ ನಡೆಯಲಿಲ್ಲ. ಯಾವ ಪಕ್ಷದ ಕೊಡೆಯ ಕೆಳಗೆ ನಿಂತರೂ ನೆರಳು ಅಷ್ಟೇ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರೆಂದು ತೋರುತ್ತದೆ. ಮುಂದೆ ಉನ್ನತ ಪದವಿಗಳ ಪ್ರಸ್ತಾಪ ಬಂದಾಗಲೂ ಅವರು ಒಲ್ಲೆನೆಂದರೆಂಬ ಸಂಗತಿ ಅವರ ಬದುಕನ್ನು ಬರೆದವರೆಲ್ಲ ಹೇಳುವಂಥದ್ದು.

ನಿರಾಶ್ರಿತರ ಪುನರ್ವಸತಿಯನ್ನು ಸಹಕಾರ ತತ್ತ್ವದ ಮೇಲೆ ಮಾಡಬಹುದೆಂಬ ಯೋಚನೆಯನ್ನು ಅವರು ಗಾಂಧೀಜಿಯವರ ಕೊನೆಯ ದಿನಗಳಲ್ಲೇ ಅವರ ಮುಂದಿಟ್ಟಿದ್ದರು. ಗಾಂಧೀಜಿ ಒಪ್ಪಿದರು, ಒಂದು ಷರತ್ತಿನ ಮೇಲೆ: ಸರ್ಕಾರದ ಹಣಕ್ಕೆ ಕೈಚಾಚಬಾರದು. ಈ ಷರತ್ತನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು. ಮುಂದಿನ ಕಥೆಯ ತೊಡಕೆಲ್ಲ ಇರುವುದು ಅಲ್ಲಿ.

1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿತು. ಅಧ್ಯಕ್ಷೆ ಕಮಲಾದೇವಿ. ಜತೆಗೆ ನಿಂತವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ತರುಣರು. ಅವರಲ್ಲೊಬ್ಬ ಲಕ್ಷ್ಮೀಚಂದ್ ಜೈನ್, ದಿಲ್ಲಿಯ ನಿರಾಶ್ರಿತರ ಶಿಬಿರವೊಂದರ ಹೊಣೆ ಹೊತ್ತಿದ್ದ ಹುಡುಗ. ಶಿಬಿರದಲ್ಲಿ ಊಟ, ಬಟ್ಟೆ, ಔಷಧಿಗಳಿಗೆ ಅಂಥ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಕೆಲಸಕ್ಕೆ. ನೆಲ ಉತ್ತು ಬೆಳೆದಿದ್ದ ರೈತರು, ಅಂಗಡಿ ನಡೆಸಿದ್ದ ವರ್ತಕರು ತಿಂಗಳುಗಟ್ಟಲೆ ಕೈಕಟ್ಟಿ ಕೂತು ದಾನದ ಅನ್ನ ಉಣ್ಣುತ್ತಿದ್ದರು. ಮನುಷ್ಯನನ್ನು ಕುಗ್ಗಿಸುವುದು ಹಸಿವಿಗಿಂತ ಹೆಚ್ಚಾಗಿ ಈ ಸ್ಥಿತಿಯೇ ಎಂಬುದು ಕಮಲಾದೇವಿಯವರ ಗ್ರಹಿಕೆ. ದಿಲ್ಲಿಯ ಹೊರವಲಯದ ಛತರ್‌ಪುರದಲ್ಲಿ, ಪಾಕಿಸ್ತಾನಕ್ಕೆ ಹೋದವರು ಬಿಟ್ಟಿದ್ದ ಜಮೀನು ಪಾಳು ಬಿದ್ದಿತ್ತು. ಅಧಿಕಾರಿಗಳ ಬೆನ್ನು ಹತ್ತಿ ಆ ನೆಲವನ್ನು ನಿರಾಶ್ರಿತ ರೈತರಿಗೆ ಕೊಡಿಸಿ, ಅಲ್ಲಿ ಬೇಸಾಯದ ಸಹಕಾರ ಸಂಘಗಳನ್ನು ಕಟ್ಟಿದರು. ನೇಗಿಲು, ಎತ್ತು, ಬಿತ್ತನೆ ಬೀಜಕ್ಕೆ ಸಾಲ. ಸಾಲದ ಲೆಕ್ಕ ಸಂಘದ್ದೇ. ಮೊದಲ ಬೆಳೆ ಬಂದಾಗ ಶಿಬಿರದ ಮಂದಿಗೆ ಒಂದು ಸಂಗತಿ ಖಾತ್ರಿಯಾಯಿತು, ಇದು ಆಗುವ ಕೆಲಸ.

ಫರೀದಾಬಾದ್

ದೊಡ್ಡ ಪರೀಕ್ಷೆ ಎದುರಾದದ್ದು ದಿಲ್ಲಿಯಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದ ಫರೀದಾಬಾದಿನಲ್ಲಿ. ವಾಯವ್ಯ ಸರಹದ್ದು ಪ್ರಾಂತ್ಯದ ಬನ್ನು, ಡೇರಾ ಇಸ್ಮಾಯಿಲ್ ಖಾನ್, ಪೇಶಾವರ ಮೊದಲಾದ ಕಡೆಗಳಿಂದ ಬಂದ ಹಿಂದೂ, ಸಿಖ್ ನಿರಾಶ್ರಿತರು ಅವರು. ಪಠಾಣರ ನಾಡಿನಲ್ಲಿ ಬೆಳೆದ ಗಟ್ಟಿ ಜನ. ಅವರಲ್ಲಿ ಕೆಲವರು ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರ್ ದಳದಲ್ಲಿ ದುಡಿದವರು. ಎಲ್ಲೆಲ್ಲಿಗೋ ಚದುರಿಸಿ ಕಳುಹಿಸುವ ಸರ್ಕಾರದ ಯೋಜನೆಗೆ ಒಪ್ಪದೆ, ದಿಲ್ಲಿಯ ಸಮೀಪವೇ ಒಟ್ಟಾಗಿ ನೆಲೆಸಲು ಜಾಗ ಬೇಕೆಂದು ಪಟ್ಟು ಹಿಡಿದು, ಸತ್ಯಾಗ್ರಹ ಮಾಡಿ ಗೆದ್ದಿದ್ದರು.

ಅಲ್ಲಿ ಹೊಸ ಪಟ್ಟಣ ಕಟ್ಟಲು 1949ರಲ್ಲಿ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಡಾ. ರಾಜೇಂದ್ರ ಪ್ರಸಾದರಂಥ ಹಿರಿಯರು ಅದರಲ್ಲಿದ್ದರು, ಸ್ವತಃ ನೆಹರೂ ಸದಸ್ಯರಾಗಿ ಅದರ ಸಭೆಗಳಿಗೆ ತಪ್ಪದೆ ಬರುತ್ತಿದ್ದರು. ಆಡಳಿತದ ಹೊಣೆ ಸುಧೀರ್ ಘೋಷ್ ಅವರದು. ಮನೆ ಕಟ್ಟುವ ಕೆಲಸವನ್ನು ಎಂದಿನಂತೆ ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರಿಗೆ ವಹಿಸುವುದೆಂದು ಎಲ್ಲರೂ ಭಾವಿಸಿದ್ದರು. ನಿರಾಶ್ರಿತರಿಗಾಗಿ ಮನೆ, ಕಟ್ಟುವವರು ಹೊರಗಿನ ಕೂಲಿಗಳು, ಲಾಭ ಗುತ್ತಿಗೆದಾರನಿಗೆ. ಕಮಲಾದೇವಿ ಮತ್ತು ಅವರ ಸಂಗಡಿಗರು ಕೇಳಿದ ಪ್ರಶ್ನೆ ಸರಳವಾಗಿತ್ತು. ಸಾವಿರಾರು ಜೋಡಿ ಕೈಗಳು ಡೇರೆಗಳಲ್ಲಿ ಸುಮ್ಮನೆ ಕೂತಿರುವಾಗ ಅವರ ಮನೆಯನ್ನು ಅವರೇ ಏಕೆ ಕಟ್ಟಬಾರದು?

ಇಲಾಖೆಯ ಎಂಜಿನಿಯರುಗಳಿಗೆ ಇದು ತಮಾಷೆಯಾಗಿ ಕಂಡಿತು. ವರ್ತಕರು, ಗುಮಾಸ್ತರು ಗಾರೆ ಕಲಸಬಲ್ಲರೇ? ಈ ಸಂಶಯ ಪೂರ್ತಿ ಅರ್ಥವಿಲ್ಲದ್ದೂ ಅಲ್ಲ. ಅವರಲ್ಲಿ ಬಹುಮಂದಿ ಹಿಂದೆಂದೂ ಮಣ್ಣು ಹೊತ್ತವರಲ್ಲ. ಆದರೆ ವಾದ ಪ್ರಧಾನಿಯವರೆಗೂ ಹೋಗಿ, ಕೊನೆಗೆ ನಿರಾಶ್ರಿತರ ಕಡೆಗೆ ತೀರ್ಪಾಯಿತು. ಯೂನಿಯನ್ ಅವರನ್ನು ಕಾರ್ಮಿಕ ಸಹಕಾರ ಸಂಘಗಳಾಗಿ ಸಂಘಟಿಸಿತು. ಒಂದು ಸಂಘ ಇಟ್ಟಿಗೆ ಸುಟ್ಟರೆ ಇನ್ನೊಂದು ಸಾಗಿಸಿತು, ಮತ್ತೊಂದು ಗೋಡೆಯೆಬ್ಬಿಸಿತು. ಲೆಕ್ಕಪತ್ರ ಇಡಲು ಅವರೊಳಗಿನವರಿಗೇ ತರಬೇತಿ ಕೊಡಲಾಯಿತು. ಕೈಯಲ್ಲಿ ಬೊಬ್ಬೆ ಎದ್ದವು, ಜಗಳಗಳೂ ಎದ್ದವು. ಕೂಲಿ ಹಂಚಿಕೆಯ ಬಗ್ಗೆ ನಡೆದ ಸಭೆಗಳು ಮಧ್ಯರಾತ್ರಿ ದಾಟಿದ್ದರೂ ಆಶ್ಚರ್ಯವಿಲ್ಲ. ಸಹಕಾರ ಸಂಘದ ವಾರ್ಷಿಕ ಸಭೆಗೆ ಒಮ್ಮೆಯಾದರೂ ಹೋದವರಿಗೆ ಅದು ಗೊತ್ತು.

ಕೆಲವೇ ವರ್ಷಗಳಲ್ಲಿ ಅಲ್ಲಿ ಸುಮಾರು 5 ಸಾವಿರ ಮನೆಗಳು ಎದ್ದುನಿಂತವು. ರಸ್ತೆ, ಚರಂಡಿ ಬಂದವು. ಮಹಾಯುದ್ಧದ ಪರಿಹಾರವಾಗಿ ಜರ್ಮನಿಯಿಂದ ಬಂದ ಡೀಸೆಲ್ ಯಂತ್ರಗಳಿಂದ ವಿದ್ಯುತ್ ಕೇಂದ್ರ ಸಜ್ಜಾಯಿತು, ಅದನ್ನು ನಂಬಿ ಸಣ್ಣ ಕಾರ್ಖಾನೆಗಳು ಬಂದವು. ಸೇವಾಗ್ರಾಮದ ನಯೀ ತಾಲೀಮ್ ಮಾದರಿಯಲ್ಲಿ ಶಾಲೆಗಳು ನಡೆದವು. ಕಟ್ಟಿದ ಆಸ್ಪತ್ರೆಗೆ ನಿರಾಶ್ರಿತರು ಇಟ್ಟ ಹೆಸರು ಬಾದಶಾ ಖಾನ್. ಧರ್ಮದ ಹೆಸರಿನಲ್ಲಿ ಮನೆಮಠ ಕಳೆದುಕೊಂಡು ಬಂದ ಹಿಂದೂಗಳು, ಸಿಖ್ಖರು ತಮ್ಮ ಹೊಸ ಊರಿನ ಆಸ್ಪತ್ರೆಗೆ ಗಡಿಯಾಚೆ ಉಳಿದ ಒಬ್ಬ ಮುಸ್ಲಿಂ ನಾಯಕನ ಹೆಸರಿಟ್ಟರು. ಆ ಪಟ್ಟಣ ಹೇಗೆ ಕಟ್ಟಲ್ಪಟ್ಟಿತೆಂಬುದನ್ನು ತಿಳಿಯಲು ಇದೊಂದು ಸಂಗತಿ ಸಾಕು. ಒಟ್ಟು ಸುಮಾರು 50 ಸಾವಿರ ಜನರಿಗೆ ನೆಲೆ ಕಲ್ಪಿಸಿದ ಕೆಲಸವೆಂದು ಫರೀದಾಬಾದನ್ನು ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1950ರ ದಶಕದ ಆರಂಭದಲ್ಲಿ ಪುನರ್ವಸತಿ ಸಚಿವಾಲಯ ಪಟ್ಟಣದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಸ್ವಾಯತ್ತ ಮಂಡಳಿ, ಪ್ರಯೋಗ, ಜನರ ಸಭೆಗಳು — ಕಡತಗಳಿಗೆ ಒಗ್ಗುವ ಸಂಗತಿಗಳಲ್ಲ. ಸಹಕಾರ ಸಂಘಗಳು ಒಂದೊಂದಾಗಿ ಬಲ ಕಳೆದುಕೊಂಡವು. ತಾವೇ ಕಟ್ಟಿದ ಊರಿನಲ್ಲಿ ನಿರಾಶ್ರಿತರು ಮತ್ತೆ ಅರ್ಜಿದಾರರಾದರು. ಪ್ರಧಾನಿಯೇ ಆಸಕ್ತಿ ವಹಿಸಿದ್ದ ಯೋಜನೆಯನ್ನು ಪ್ರಧಾನಿಯಿಂದಲೂ ಉಳಿಸಿಕೊಳ್ಳಲಾಗಲಿಲ್ಲ. ಕಮಲಾದೇವಿಯವರಿಗೆ ಇದು ಎರಡನೆಯ ಪೆಟ್ಟು. ಮೊದಲ ಸಲ ಪಕ್ಷ ಕೈಬಿಟ್ಟಿತ್ತು, ಈಗ ಸರ್ಕಾರ.

ಕೈಕಸುಬಿನ ಕಡೆಗೆ

ಈ ಎರಡನೆಯ ಪೆಟ್ಟಿನ ನಂತರ ಅವರು ಮಾಡಿದ್ದೇ ಅವರ ಬದುಕಿನಲ್ಲಿ ಹೆಚ್ಚು ಚರ್ಚೆಗೆ ಯೋಗ್ಯವಾದ ಭಾಗ. ಸರ್ಕಾರದಿಂದ ದೂರ ಸರಿಯುವ ಬದಲು ಅವರು ಅದರೊಂದಿಗೆ ಚೌಕಾಸಿಗೆ ಕುಳಿತರು. ದಿಲ್ಲಿಯ ಜನಪಥದಲ್ಲಿ ಯುದ್ಧಕಾಲದ ಬ್ಯಾರಕ್ಕುಗಳಲ್ಲಿ ಸರ್ಕಾರ ನಡೆಸುತ್ತಿದ್ದ ಗೃಹೋದ್ಯೋಗ ಮಳಿಗೆಯೊಂದು ನಷ್ಟದಲ್ಲಿತ್ತು. 1952ರಲ್ಲಿ ಅದನ್ನು ನಡೆಸುವ ಹೊಣೆಯನ್ನು ಯೂನಿಯನ್ ವಹಿಸಿಕೊಂಡಿತು. ಇಂದಿಗೂ ಪ್ರಸಿದ್ಧವಾದ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅದು. ಫೋರಿ ನೆಹರೂ, ಪ್ರೇಮ್ ಬೇರಿ, ಕಿಟ್ಟಿ ಶಿವರಾವ್ ಮೊದಲಾದ ಮಹಿಳೆಯರು ಅದರ ಬೆನ್ನೆಲುಬಾದರು. ಕಿಟ್ಟಿಯವರು ಮಂಗಳೂರು ಮೂಲದ ಪತ್ರಕರ್ತ ಬೆನಗಲ್ ಶಿವರಾಯರ ಪತ್ನಿಯೆಂಬುದನ್ನು ಇಲ್ಲಿ ಸ್ಮರಿಸಬಹುದು. ಅದೇ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾದಾಗ ಕಮಲಾದೇವಿ ಅದರ ಅಧ್ಯಕ್ಷೆಯಾದರು.

ಗಾಂಧೀಜಿಯವರ ಷರತ್ತು ಏನಾಯಿತು? ಇದನ್ನು ಅಂದಿನ ಕೆಲವು ಗೆಳೆಯರೂ ಕೇಳಿರಲಿಕ್ಕೆ ಸಾಕು. ಮಂತ್ರಿಪದವಿ ಬೇಡವೆಂದವರು ಸರ್ಕಾರಿ ಮಂಡಳಿಯ ಕುರ್ಚಿಯಲ್ಲಿ ಕೂತರಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಈ ಲೇಖಕನಿಗೆ ತೋರುವುದಿಷ್ಟು: ಫರೀದಾಬಾದಿನಿಂದ ಅವರು ಕಲಿತ ಪಾಠ ಸರ್ಕಾರ ಕೆಟ್ಟದ್ದೆಂಬುದಲ್ಲ. ಜನರ ಕೈಯಲ್ಲಿ ತಮ್ಮದೇ ಕಸುಬು, ತಮ್ಮದೇ ಮಾರುಕಟ್ಟೆ ಇಲ್ಲದಿದ್ದರೆ ಸರ್ಕಾರ ಕೊಟ್ಟದ್ದನ್ನು ಮರುದಿನವೇ ಕಿತ್ತುಕೊಳ್ಳಬಲ್ಲದೆಂಬ ಪಾಠ ಅದು. ಕುಶಲಕರ್ಮಿಯ ಕೈಯಲ್ಲಿ ಕಸುಬು ಮೊದಲೇ ಇತ್ತು. ಇಲ್ಲದ್ದು ಮಾರುಕಟ್ಟೆ.

ಕಸುಬುಗಳ ಸ್ಥಿತಿ ಆಗ ಶೋಚನೀಯವಾಗಿತ್ತು. ಗಿರಣಿ ಬಟ್ಟೆ ಒಂದು ಶತಮಾನದಿಂದ ನೇಕಾರನ ಮಗ್ಗವನ್ನು ಕಾಡುತ್ತ ಬಂದಿತ್ತು. ಸಂಸ್ಥಾನಗಳು ಮುಗಿದು ಅರಮನೆಯ ಆಶ್ರಯ ತಪ್ಪಿತು. ವಿಭಜನೆಯಿಂದ ಕುಶಲಕರ್ಮಿಗಳ ಬಳಗಗಳೇ ಚದುರಿಹೋದವು. ಉಳಿದವರನ್ನು ದಲ್ಲಾಳಿ ಸಾಲದಲ್ಲಿ ಹಿಡಿದಿಟ್ಟಿದ್ದ. ಉಕ್ಕಿನ ಕಾರ್ಖಾನೆ, ಅಣೆಕಟ್ಟುಗಳ ಕನಸಿನಲ್ಲಿದ್ದ ಯೋಜನಾ ತಜ್ಞರಿಗೆ ಕುಂಬಾರ, ಕಮ್ಮಾರರು ಹಳೆಯ ಕಾಲದ ಪಳೆಯುಳಿಕೆಗಳಾಗಿ ಕಂಡರು. ಕೃಷಿಯ ನಂತರ ಅತಿ ಹೆಚ್ಚು ಜನರಿಗೆ ಅನ್ನ ಕೊಡುವುದು ಕೈಕಸುಬೇ ಎಂದು ಅವರಿಗೆ ಮನದಟ್ಟು ಮಾಡಿಸುವುದೇ ಕಮಲಾದೇವಿಯವರ ಅರ್ಧ ಕೆಲಸವಾಯಿತು.

ಉಳಿದರ್ಧ ಕೆಲಸ ಅವರು ಮಾಡಿದ್ದು ಪ್ರಯಾಣದಲ್ಲಿ. ಯಾವ ಊರಿನಲ್ಲಿ ಯಾವ ಕಸುಬು ಕೊನೆಯುಸಿರೆಳೆಯುತ್ತಿದೆ ಎಂಬುದನ್ನು ಹುಡುಕಿಕೊಂಡು ಹೋದರು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಲೇಖನಿಯಿಂದ ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲಂಕಾರಿ ಬೆರಳೆಣಿಕೆಯ ಹಿರಿಯರಲ್ಲಿ ಮಾತ್ರ ಉಳಿದಿತ್ತು. ಅಲ್ಲಿ ತರಬೇತಿ ಕೇಂದ್ರ ತೆರೆಸಿ ಹುಡುಗರಿಗೆ ಕಲಿಸುವ ಏರ್ಪಾಡು ಮಾಡಿದರು. ಜೈಪುರದ ನೀಲಿ ಕುಂಬಾರಿಕೆಯನ್ನು ಚಿತ್ರಕಾರ ಕೃಪಾಲ್ ಸಿಂಗ್ ಶೇಖಾವತ್ ಪುನಃ ಎತ್ತಿ ನಿಲ್ಲಿಸಿದ್ದರ ಹಿಂದೆ ಅವರ ಬೆಂಬಲವಿತ್ತು. ಮಂಡಳಿಯ ಪ್ರಾದೇಶಿಕ ವಿನ್ಯಾಸ ಕೇಂದ್ರಗಳಲ್ಲಿ ಒಂದು ಬೆಂಗಳೂರಿಗೂ ಬಂತು. ಪಂಡಿತರಿಗೆ, ಕಲಾವಿದರಿಗೆ ಸಲ್ಲುವ ಮನ್ನಣೆ ಕಸುಬುದಾರನಿಗೂ ಸಲ್ಲಬೇಕೆಂದು ಹಟ ಹಿಡಿದರು. 1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪರಿಪಾಠ ಬಂತು. ಊರೂರಿನ ಅಜ್ಞಾತ ಬಡಗಿ, ಕಮ್ಮಾರ, ನೇಕಾರರು ಪ್ರಶಸ್ತಿಗಾಗಿ ದಿಲ್ಲಿಯ ಹಾದಿ ಹಿಡಿಯುವಂತಾದರು.

ಮಳಿಗೆಯ ವಿಷಯದಲ್ಲೂ ಅವರ ಬಿಗಿ ಪ್ರಸಿದ್ಧ. ಪ್ರವಾಸಿಗರ ಕಣ್ಣು ಸೆಳೆಯುವ ಅಗ್ಗದ ನಕಲಿಗೆ ಅವರಲ್ಲಿ ಅವಕಾಶವಿರಲಿಲ್ಲ. ಕರಕುಶಲ ವಸ್ತು ಕಪಾಟಿನಲ್ಲಿಡುವ ಅಲಂಕಾರವಲ್ಲ, ನಿತ್ಯ ಬಳಸುವ ಪದಾರ್ಥ ಎಂಬುದು ಅವರ ನಿಲುವು. ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಇಂದು ಕೈಮಗ್ಗದ ಸೀರೆ, ಅಚ್ಚಿನ ಹೊದಿಕೆ, ಮಣ್ಣಿನ ಹೂಜಿಗಳು ಅಭಿರುಚಿಯ ಗುರುತಾಗಿದ್ದರೆ ಅದರ ಹಿಂದೆ ಈ ಹಟವಿದೆ. ಆ ಅಭಿರುಚಿ ಹಳ್ಳಿಯ ಬಡವನ ಮನೆಗಿಂತ ಪಟ್ಟಣದ ಉಳ್ಳವರ ಮನೆಯನ್ನೇ ಹೆಚ್ಚು ಅಲಂಕರಿಸಿತು, ಕಸುಬುದಾರನ ಕೂಲಿ ಅದೇ ಪ್ರಮಾಣದಲ್ಲಿ ಏರಲಿಲ್ಲ ಎಂಬ ಟೀಕೆಯೂ ಇದೆ. ಅದರಲ್ಲಿ ಹುರುಳಿಲ್ಲವೆನ್ನಲಾಗದು.

ರಂಗಭೂಮಿಯ ಕೆಲಸವನ್ನು ಇಲ್ಲಿ ಹೆಚ್ಚು ಹೇಳಲು ಎಡೆಯಿಲ್ಲ. ಭಾರತೀಯ ನಾಟ್ಯ ಸಂಘವನ್ನು ಕಟ್ಟಿದವರು ಅವರೇ. ಅದರ ಆಶ್ರಯದಲ್ಲಿ 1958ರಲ್ಲಿ ಆರಂಭವಾದ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟ್ ಮುಂದೆ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಲೀನವಾಯಿತು. ನಮ್ಮ ಬಿ.ವಿ. ಕಾರಂತರು ಓದಿ, ಮುಂದೆ ನಿರ್ದೇಶಕರೂ ಆದ ಶಾಲೆಯದು. ಜಾಗತಿಕ ಮಟ್ಟದಲ್ಲಿ 1964ರಲ್ಲಿ ವಿಶ್ವ ಕರಕುಶಲ ಪರಿಷತ್ತು ಸ್ಥಾಪನೆಯಾದಾಗಲೂ ಮುಂಚೂಣಿಯಲ್ಲಿದ್ದರು.

ಪ್ರಶಸ್ತಿಗಳು ತಾವಾಗಿಯೇ ಬಂದವು. 1955ರಲ್ಲಿ ಪದ್ಮಭೂಷಣ, 1987ರಲ್ಲಿ ಪದ್ಮವಿಭೂಷಣ. ಅವುಗಳ ನಡುವೆ 1966ರ ಮ್ಯಾಗ್ಸೇಸೆ ಪ್ರಶಸ್ತಿಗೆ ಬೇರೆಯೇ ಅರ್ಥವಿದೆ. ಅದು ಅವರಿಗೆ ಸಂದದ್ದು ಸಮುದಾಯ ನಾಯಕತ್ವಕ್ಕಾಗಿ. ಚುನಾವಣೆಯಲ್ಲಿ ಸೋತು, ಪಕ್ಷ ತೊರೆದು, ಪದವಿಗಳನ್ನು ನಿರಾಕರಿಸಿದವರನ್ನು ಏಷ್ಯಾ ಖಂಡ ನಾಯಕಿ ಎಂದು ಗುರುತಿಸಿತು.

ಎಂಬತ್ತು ದಾಟಿದ ಮೇಲೂ ಅವರ ಓಡಾಟ ನಿಲ್ಲಲಿಲ್ಲ. ಕರಕುಶಲ ಕಲೆಗಳ ಬಗ್ಗೆ, ಮಹಿಳಾ ಚಳವಳಿಯ ಬಗ್ಗೆ ಪುಸ್ತಕಗಳನ್ನು ಬರೆದರು. 1986ರಲ್ಲಿ ಆತ್ಮಕಥೆ ಹೊರಬಂತು. ಆತ್ಮಕಥೆಯಲ್ಲಿ ತಮ್ಮ ಖಾಸಗಿ ನೋವುಗಳ ಬಗ್ಗೆ ಅವರು ತೋರುವ ಬಿಗುಮಾನ ಓದುಗರನ್ನು ಕೆಣಕುತ್ತದೆ. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ, 85ರ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. 2018ರ ಅವರ ಜನ್ಮದಿನದಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರವಿಟ್ಟಾಗ, ಯಾರೀಕೆ ಎಂದು ಹುಡುಕಿದವರಲ್ಲಿ ಮಂಗಳೂರಿನ ತರುಣರೂ ಇದ್ದಿರಬೇಕು.

ನಿರಾಶ್ರಿತರು ಕಟ್ಟಿದ ಆ ಭಾಗ ಇಂದು ಹರಿಯಾಣದ ದೊಡ್ಡ ಕೈಗಾರಿಕಾ ನಗರದೊಳಗೆ ಸೇರಿಹೋಗಿದೆ. ಹೊಸ ಕೈಗಾರಿಕಾ ಪಟ್ಟಣ ಎಂಬುದರ ಇಂಗ್ಲಿಷ್ ಹೆಸರನ್ನು ಮೊಟಕುಗೊಳಿಸಿ ಜನ ಅದನ್ನು ಈಗಲೂ ಎನ್‌ಐಟಿ ಎಂದೇ ಕರೆಯುತ್ತಾರೆ. ಶಿಬಿರದಲ್ಲಿ ಕಮಲಾದೇವಿಯವರಿಗೆ ಸಿಕ್ಕಿದ್ದ ತರುಣ ಎಲ್.ಸಿ. ಜೈನ್ ಯೂನಿಯನ್ ಮತ್ತು ಕರಕುಶಲ ಮಂಡಳಿಯಲ್ಲಿ ವರ್ಷಗಟ್ಟಲೆ ಅವರ ಜತೆಗೇ ದುಡಿದರು. 1989ರಲ್ಲಿ, ಗುರುಸಮಾನರಾದ ಆಕೆ ತೀರಿಕೊಂಡ ಮರುವರ್ಷ, ಅವರಿಗೂ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಇಳಿವಯಸ್ಸಿನ ಹಲವು ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ಫರೀದಾಬಾದಿನಲ್ಲಿ ಏನು ಕಟ್ಟಲಾಯಿತು, ಅದನ್ನು ಯಾರು ಹೇಗೆ ಕೆಡವಿದರು ಎಂಬುದನ್ನು ಅವರು ಕಡತಗಳ ಸಮೇತ 1998ರಲ್ಲಿ ಪುಸ್ತಕವಾಗಿ ಬರೆದರು. ಆ ವೈಫಲ್ಯದ ದಾಖಲೆಗೆ ಅವರು ಕೊಟ್ಟ ಹೆಸರು 'ಭರವಸೆಯ ನಗರ'.